ಪ್ರೊಜೆಕ್ಷನ್ ರೂಮಿನಲ್ಲಿ ಯಾರಾದರೂ ಇದ್ದಾರಾ?

ಸಿನಿಮಾ ಹಂಚಿಕೆದಾರರ ಲೆಕ್ಕದಲ್ಲಿ ನಮ್ಮ ತುಮಕೂರು ‘ಬಿಕೆಟಿ’ಗೆ ಸೇರಿದ್ದು. ಬೆಂಗಳೂರು, ಕೋಲಾರ, ತುಮಕೂರು ಮೂರೂ ಒಂದೇ ಏರಿಯಾ. ಪ್ರಿಂಟುಗಳನ್ನು ಎಣಿಸಿ ಹಾಕಿಸುತ್ತಿದ್ದ ಕಾಲದಲ್ಲಿ ಮೊದಲ ಪಾಲು ಗಾಂಧಿನಗರಕ್ಕೆ. ಕುಣಿಗಲ್, ಶಿರಾ ಕಡೆಗೆ ಡಬ್ಬ ಬರುವಷ್ಟರಲ್ಲಿ ಫಿಲ್ಮಿನ ಮೈತುಂಬಾ ಗೀರು. ಈಗ ಬೆಂಗಳೂರಿನಲ್ಲಿ ಬಿಡುಗಡೆಯಾದ ಶುಕ್ರವಾರವೇ ನಮ್ಮೂರ ಮಾಲಿನಲ್ಲೂ ಶೋ ಇರುತ್ತದೆ, ಗೀರಿಲ್ಲ, ಕಟ್ ಇಲ್ಲ. ಡಿಜಿಟಲ್ ಕೊಟ್ಟ ಈ ಲಾಭ ದೊಡ್ಡದೇ. ಆದರೆ ಅದರ ಜೊತೆಯಲ್ಲೇ ಪ್ರೊಜೆಕ್ಷನ್ ರೂಮ್ ಖಾಲಿಯಾಯಿತು. ನನ್ನ ತಕರಾರಿರುವುದು ಅಲ್ಲಿ.

35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ಗಂಟೆಯ ಸಿನಿಮಾ ಅಂದರೆ 13,500 ಅಡಿ; 2,000 ಅಡಿಯ ಏಳು ರೀಲು, ಎರಡು ಪ್ರೊಜೆಕ್ಟರ್. ರೀಲು ಮುಗಿಯುತ್ತಾ ಬಂದಾಗ ತೆರೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತಿತ್ತು. ಅದಕ್ಕೆ ಎರಡನೇ ಮೆಷಿನ್ನಿನ ಮೋಟರ್ ಆನ್. ಕೆಲವೇ ಸೆಕೆಂಡಿಗೆ ಇನ್ನೊಂದು ಚುಕ್ಕೆ, ಆಗ ಚೇಂಜ್‌ಓವರ್, ಅಂದರೆ ಮೊದಲ ಮೆಷಿನ್ನಿನಿಂದ ಎರಡನೆಯದಕ್ಕೆ ಚಿತ್ರ ದಾಟಿಸುವುದು. ಇದರ ನಡುವೆ ಪ್ರೊಜೆಕ್ಟರಿಗೆ ಬೆಳಕು ಕೊಡುವ ಎರಡು ಕಾರ್ಬನ್ ಕಡ್ಡಿ ಉರಿದು ಸವೆದಂತೆಲ್ಲ ಅಂತರ ಸರಿಮಾಡುತ್ತಲೇ ಇರಬೇಕು, ಇಲ್ಲದಿದ್ದರೆ ಬೆಳಕು ಕುಂದುತ್ತದೆ. ಆಪರೇಟರ್ ತೆರೆಯಿಂದ ಕಣ್ಣು ತೆಗೆಯುವಂತಿರಲಿಲ್ಲ. ಆ ಕೆಲಸಕ್ಕೆ ಲೈಸೆನ್ಸ್ ಬೇಕಿತ್ತು. ಸ್ವಲ್ಪ ಎಡವಟ್ಟಾದರೂ ಗಾಂಧಿ ಕ್ಲಾಸಿನಿಂದ ಶಿಳ್ಳೆ ಬೀಳುತ್ತಿತ್ತು.

ಈಗ ಸಿನಿಮಾ ಹಾರ್ಡ್‌ಡಿಸ್ಕಿನಲ್ಲೋ ಸ್ಯಾಟಲೈಟಿನಲ್ಲೋ ಬಂದು ಸರ್ವರ್ ಸೇರುತ್ತದೆ. ಅದನ್ನು ಬಿಚ್ಚುವ ಡಿಜಿಟಲ್ ಕೀ, ಅಂದರೆ ಕೆಡಿಎಂ, ಆ ಒಂದು ಸರ್ವರಿಗೆ, ಗೊತ್ತುಮಾಡಿದ ಅವಧಿಗೆ ಮಾತ್ರ. ಕೆಟ್ಟ ಸರ್ವರ್ ಬದಲಿಸಿ ಹೊಸದರ ವಿವರ ಕಳಿಸಲು ಮರೆತರೆ ಬೆಳಗಿನ ಶೋ ಹೋಯಿತು ಅಂತಲೇ ಲೆಕ್ಕ. ದೀಪ ಆರುವುದು, ಲೆನ್ಸ್ ಹೊಂದುವುದು, ಇಂಟರ್ವಲ್ ಬೀಳುವುದು, ಎಲ್ಲವೂ ಪ್ಲೇಲಿಸ್ಟಿನ ಕೆಲಸ. ಹಾಗಾಗಿ ಒಬ್ಬ ಹುಡುಗನಿಗೆ ಹಲವು ಸ್ಕ್ರೀನ್ ಗಂಟುಹಾಕುತ್ತಾರೆ. ಅಗಲದ ತೆರೆಯಲ್ಲಿ ಫ್ಲ್ಯಾಟ್ (ಕಡಿಮೆ ಅಗಲದ ಚೌಕಟ್ಟಿನ) ಸಿನಿಮಾ ಶುರುವಾಗುವಾಗ ಸ್ಕೋಪ್ (ಹೆಚ್ಚು ಅಗಲದ ಚೌಕಟ್ಟಿನ) ಸೆಟ್ಟಿಂಗ್ ಹಾಗೇ ಉಳಿದಿದ್ದರೆ ನಾಯಕನ ಹಣೆ ತೆರೆಯಾಚೆ ಹೋಗುತ್ತದೆ. ಪ್ರೇಕ್ಷಕರು ಎದ್ದು ಬಂದು ಹೇಳುವ ತನಕ ಯಾರಿಗೂ ಗೊತ್ತಾಗುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಕಣ್ಣಿಗೆ ಬೀಳದ ನಷ್ಟ. ತೆರೆಯ ಮಧ್ಯಭಾಗದಲ್ಲಿ 14 ಫುಟ್‌ಲ್ಯಾಂಬರ್ಟ್ (ತೆರೆಯ ಹೊಳಪನ್ನು ಅಳೆಯುವ ಮಾನ) ಬೆಳಕು ಇರಬೇಕೆಂಬುದು ಮಾನದಂಡ. ಪ್ರೊಜೆಕ್ಟರಿನ ಝೆನಾನ್ ಲ್ಯಾಂಪ್ ಗಂಟೆ ಕಳೆದಂತೆ ಮಂಕಾಗುತ್ತದೆ. ಅದರ ಬೆಲೆ ನೋಡಿ, ಆಯಸ್ಸು ಮುಗಿದ ಮೇಲೂ ಉರಿಸುತ್ತಾರೆ. ರೂಮಿನ ಕಿಟಕಿ ಗಾಜಿನ ಮೇಲೆ ಧೂಳು, ಏರ್ ಫಿಲ್ಟರ್ ಕಟ್ಟಿರುತ್ತದೆ. 3ಡಿ ಸಿನಿಮಾಕ್ಕೆ ಲೆನ್ಸಿನ ಮುಂದಿಟ್ಟ ಪೋಲರೈಸರ್ ಫಿಲ್ಟರನ್ನು 2ಡಿ ಶೋಗೆ ತೆಗೆಯದಿದ್ದರೆ ಅರ್ಧಕ್ಕಿಂತ ಹೆಚ್ಚು ಬೆಳಕು ಅಲ್ಲೇ ಸಾಯುತ್ತದೆ. ಕ್ಯಾಮರಾಮನ್ ರಾತ್ರಿಯ ದೃಶ್ಯದಲ್ಲಿ ಜೀವ ತೇದು ಇಟ್ಟ ನೆರಳು ಬರೀ ಕಪ್ಪು ಮುದ್ದೆ! ನೋಡಿದವರು ಬೈಯುವುದು ಆ ಕ್ಯಾಮರಾಮನ್ನನ್ನು.

ಸೌಂಡಿನದೂ ಇದೇ ಪಾಡು. ಸ್ಟುಡಿಯೋದಲ್ಲಿ ಮಿಕ್ಸ್ ಮಾಡುವುದು ಡಾಲ್ಬಿ ಫೇಡರ್, ಅಂದರೆ ಥಿಯೇಟರಿನ ಸದ್ದು ಏರಿಸಿ ಇಳಿಸುವ ಗುಂಡಿ, 7ರಲ್ಲಿರುವ ಅಳತೆಗೆ. ಪಕ್ಕದ ಸ್ಕ್ರೀನಿಗೆ ಸದ್ದು ಸೋರುತ್ತದೆಂದು 5ಕ್ಕೆ, ಇನ್ನೂ ಕೆಳಕ್ಕೆ ಇಳಿಸುತ್ತಾರೆ. ಆಗ ಪಿಸುಮಾತಿನ ಡೈಲಾಗನ್ನು ಎಸಿ ಸದ್ದೇ ನುಂಗಿಹಾಕುತ್ತದೆ. ಗೋಡೆ ಸರಿಯಾಗಿ ಕಟ್ಟದಿದ್ದ ತಪ್ಪಿಗೆ ದಂಡ ತೆರುವವರು ಪ್ರೇಕ್ಷಕರು.

ಟಿಕೆಟ್ ದರದ ಬಗ್ಗೆ ಬೇಕಾದಷ್ಟು ಜಗಳ ಆಗಿದೆ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ದರ ಎಷ್ಟೇ ಇರಲಿ, ಕೊಟ್ಟ ದುಡ್ಡಿಗೆ ಪೂರ್ತಿ ಬೆಳಕು, ಪೂರ್ತಿ ಸದ್ದು ಸಿಗಬೇಕು. ಒರಗು ಸೀಟು, ಪಾಪ್‌ಕಾರ್ನ್ ಆಮೇಲೆ.

ಚಿತ್ರ ಮಂಕಾಗಿದೆ ಅನಿಸಿದರೆ ಇಂಟರ್ವಲ್‌ಗೆ ಕಾಯಬೇಡಿ. ಮೊದಲ ಹತ್ತು ನಿಮಿಷದಲ್ಲೇ ಎದ್ದು ಡ್ಯೂಟಿ ಮ್ಯಾನೇಜರನ್ನು ಹಿಡಿಯಿರಿ. ಟಾರ್ಚ್ ಹಿಡಿದ ಹುಡುಗನಿಗೆ ಹೇಳಿ ಪ್ರಯೋಜನವಿಲ್ಲ, ಪಾಪ, ಅವನ ಕೈಯಲ್ಲಿ ಏನೂ ಇಲ್ಲ. ಸುಮ್ಮನೆ ‘ಚೆನ್ನಾಗಿ ಕಾಣ್ತಿಲ್ಲ’ ಅನ್ನಬೇಡಿ. ‘3ಡಿ ಫಿಲ್ಟರ್ ತೆಗೆದಿದ್ದೀರಾ? ಲ್ಯಾಂಪ್ ಎಷ್ಟು ಗಂಟೆ ಓಡಿದೆ? ಫೇಡರ್ ಎಷ್ಟರಲ್ಲಿದೆ?’ ಅಂತ ಕೇಳಿ. ಫಿಲ್ಟರ್ ಮತ್ತು ಫೇಡರ್ ಅಲ್ಲೇ ಸರಿಮಾಡಬಹುದಾದವು. ಲ್ಯಾಂಪಿನ ಲೆಕ್ಕವನ್ನು ಬರೆದಿಟ್ಟುಕೊಂಡು ಮುಂದಿನ ಸಲ ಮತ್ತೆ ಕೇಳಿ.