ಬೋಲ್ಟಿನ ಮೇಲೆ ಬಲ ತೋರಿಸಬೇಡಿ

ಮನೆ ಮುಂದೆ ಬೈಕ್ ನಿಲ್ಲಿಸಿಕೊಂಡು ತಾವೇ ಆಯಿಲ್ ಬದಲಾಯಿಸುವವರು ಬಹಳ ಜನ ಇದ್ದಾರೆ. ಒಳ್ಳೆಯದೇ. ಆದರೆ ಎಲ್ಲರಿಗೂ ಒಂದೇ ಭಯ, ಬೋಲ್ಟ್ ಎಲ್ಲಿ ಸಡಿಲವಾಗಿ ದಾರಿಯಲ್ಲಿ ಬಿದ್ದುಹೋಗುತ್ತೋ ಅಂತ. ಆ ಭಯಕ್ಕೆ ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಇನ್ನೊಂದು ಸಲ ಎಳೆಯುತ್ತಾರೆ. ನನ್ನ ಪ್ರಕಾರ ಮನೆ ರಿಪೇರಿಯಲ್ಲಿ ಸಡಿಲ ಬೋಲ್ಟಿಗಿಂತ ಅತಿಯಾಗಿ ಬಿಗಿದ ಬೋಲ್ಟೇ ಜಾಸ್ತಿ ದುಡ್ಡು ತಿನ್ನುತ್ತದೆ.

ಬೋಲ್ಟ್ ಅಂದರೆ ಒಂದು ಗಟ್ಟಿ ಸ್ಪ್ರಿಂಗ್. ಬಿಗಿದಾಗ ಕೂದಲೆಳೆಯಷ್ಟು ಹಿಗ್ಗುತ್ತದೆ. ವಾಪಸ್ ಕುಗ್ಗಲು ನೋಡುವ ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಮಿತಿ ಮೀರಿ ಎಳೆದರೆ ಹಿಗ್ಗಿದ್ದು ಹಾಗೇ ಉಳಿಯುತ್ತದೆ, ಹಿಡಿತ ಹೋಗುತ್ತದೆ. ಅದರ ಮೇಲೆ ಎಂಜಿನ್ ಕೇಸ್ ಅಲ್ಯೂಮಿನಿಯಂ, ಬೋಲ್ಟ್ ಸ್ಟೀಲ್. ಸಾಮಾನ್ಯವಾಗಿ ಮೊದಲು ಕಿತ್ತುಹೋಗುವುದು ಕೇಸಿನೊಳಗಿನ ಥ್ರೆಡ್, ಅಂದರೆ ಬೋಲ್ಟ್ ಕೂರುವ ಸುರುಳಿ ಗೆರೆ. ಆಮೇಲೆ ಲೇತ್ ಅಂಗಡಿ, ಹೆಲಿಕಾಯಿಲ್ (ಹಾಳಾದ ಥ್ರೆಡ್ ಜಾಗಕ್ಕೆ ಕೂರಿಸುವ ತಂತಿ ಸುರುಳಿ), ತಲೆನೋವು.

ಎಂಜಿನ್ ಕವರಿನ 6 ಎಂಎಂ ಬೋಲ್ಟಿಗೆ ಸಾಮಾನ್ಯವಾಗಿ ಬೇಕಾಗುವ ಟಾರ್ಕ್, ಅಂದರೆ ತಿರುಗಿಸುವ ಬಲ, 10 ನ್ಯೂಟನ್ ಮೀಟರ್ ಆಸುಪಾಸು. ಅಂದರೆ 15 ಸೆಂಟಿಮೀಟರ್ ಸ್ಪ್ಯಾನರಿನ ತುದಿಯಲ್ಲಿ ಸುಮಾರು 7 ಕೆಜಿ ಎಳೆತ, ಅಷ್ಟೇ. ಈ ಬೋಲ್ಟಿನ ತಲೆಗೆ ಸಾಮಾನ್ಯವಾಗಿ ಕೂರುವ 10ರ ಸ್ಪ್ಯಾನರ್ ಗಿಡ್ಡವಾಗಿರೋದು ಸುಮ್ನೆ ಅಲ್ಲ. ಬೇಕಾದ ಟಾರ್ಕ್ ಮೊದಲೇ ಇಟ್ಟುಕೊಂಡರೆ, ಅಷ್ಟು ಮುಟ್ಟಿದಾಗ 'ಟಿಕ್' ಅನ್ನುವ ಸ್ಪ್ಯಾನರ್ ಕೂಡ ಇದೆ, ಅದೇ ಟಾರ್ಕ್ ರೆಂಚ್.

"ಒಳ್ಳೆ ಮೆಕ್ಯಾನಿಕ್‌ಗೆ ಟಾರ್ಕ್ ರೆಂಚ್ ಯಾಕ್ರೀ, ಕೈಯೇ ಹೇಳುತ್ತೆ" ಅನ್ನುತ್ತಾರೆ. ಸರಿ. ಅವರು ದಿನಾ ಗಾಡಿ ಬಿಚ್ಚುತ್ತಾರೆ, ನಾವು ಯಾವಾಗಲೋ ಒಮ್ಮೆ. ನಮ್ಮ ಕೈಗೆ ಆ ಪಳಗು ಎಲ್ಲಿಂದ ಬರಬೇಕು? ಟಾರ್ಕ್ ರೆಂಚ್ ಕೊಳ್ಳಿ, ಮೊದಲು ಸಣ್ಣದನ್ನೇ ಕೊಳ್ಳಿ, 5ರಿಂದ 25 ನ್ಯೂಟನ್ ಮೀಟರಿನದ್ದು. ಚಕ್ರದ ಆಕ್ಸಲ್ ನಟ್‌ಗೆ ಇಟ್ಟ ದೊಡ್ಡ ರೆಂಚಲ್ಲಿ ಸಣ್ಣ ಬೋಲ್ಟ್ ಬಿಗಿಯಲು ಹೋದರೆ 'ಟಿಕ್' ಅನ್ನುವ ಮೊದಲೇ ಬೋಲ್ಟ್ ಮುರಿದಿರುತ್ತದೆ.

ಹಾಗಂತ ಆ 'ಟಿಕ್' ಅನ್ನೂ ಕಣ್ಣು ಮುಚ್ಚಿ ನಂಬಬೇಡಿ. ನಾವು ಹಾಕುವ ಬಲದಲ್ಲಿ ನೂರಕ್ಕೆ ಸುಮಾರು 90 ಭಾಗ ತಿಕ್ಕಾಟಕ್ಕೇ ಹೋಗುತ್ತದೆ. ಥ್ರೆಡ್‌ಗೆ ಗ್ರೀಸ್ ಬಳಿದರೆ ತಿಕ್ಕಾಟ ತಗ್ಗಿ, ಅದೇ 'ಟಿಕ್'ಗೆ ಬೋಲ್ಟ್ ಎಷ್ಟೋ ಜಾಸ್ತಿ ಹಿಗ್ಗಿರುತ್ತದೆ. ಕೊಳೆ, ತುಕ್ಕು ಇದ್ದರೆ ಉಲ್ಟಾ. ಮ್ಯಾನುಯಲ್ ಹಚ್ಚಿ ಅನ್ನದಿದ್ದರೆ ಏನೂ ಹಚ್ಚಬೇಡಿ, ಒರೆಸಿ ಹಾಕಿ. ಮೊದಲ ಸುತ್ತುಗಳು ಬೆರಳಲ್ಲೇ. ಬೆರಳಿಗೆ ಬಗ್ಗದಿದ್ದರೆ ಓರೆಯಾಗಿ ಕೂತಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಹಾಕಿ.

ಇನ್ನು ಡ್ರೈನ್ ಬೋಲ್ಟ್, ಹಳೇ ಆಯಿಲ್ ಇಳಿಸಲು ಎಂಜಿನ್ ಕೆಳಗೆ ಬಿಚ್ಚುವ ಬೋಲ್ಟ್. ಆಯಿಲ್ ಜಿನುಗಿತು ಅಂತ ಅದನ್ನೇ ಮತ್ತೆ ಮತ್ತೆ ಬಿಗಿಯುತ್ತಾರಲ್ವಾ, ಸುಮಾರು ಸಲ ಜಿನುಗೋದು ಅದರ ಕೆಳಗಿನ ಚಪ್ಪಟೆಯಾದ ಹಳೇ ವಾಷರಿನಿಂದ. ಆಯಿಲ್ ಜೊತೆಗೇ ಹೊಸ ವಾಷರ್ ಒಂದು ಕೇಳಿ ತಗೊಳ್ಳಿ.