ದೆವ್ವಕ್ಕೂ ಒಂದು ವಿಳಾಸ ಇರುತ್ತದೆ

ಹಾಸನ ಸೀಮೆಯ ಹೇಮಾವತಿ ಹಿನ್ನೀರಿನಲ್ಲಿ ನಿಂತ ಪಾಳು ಶೆಟ್ಟಿಹಳ್ಳಿ ಚರ್ಚಿನ ಬಗ್ಗೆ ಮತ್ತೆ ಅದೇ ದೆವ್ವದ ವಿಡಿಯೊಗಳು ಹರಿದಾಡುತ್ತಿವೆ. ಬಿಳಿ ಸೀರೆ, ಬಿಚ್ಚಿದ ಕೂದಲು, ಗೆಜ್ಜೆ ಸದ್ದು, ರಾತ್ರಿ ಹನ್ನೆರಡು ಗಂಟೆ. ಇದೇ ಹೆಂಗಸು ಚಾರ್ಮಾಡಿ ಘಾಟಿಯಲ್ಲೂ ಇದ್ದಾಳೆ, ಸಕಲೇಶಪುರದ ರೈಲು ಸುರಂಗದಲ್ಲೂ ಇದ್ದಾಳೆ, ಮೂಡಿಗೆರೆ ಕಡೆಯ ಹಳೇ ಎಸ್ಟೇಟ್ ಬಂಗಲೆಯಲ್ಲೂ ಇದ್ದಾಳೆ. ಊರಿನ ಹೆಸರು ಬದಲಾಗುತ್ತದೆ, ಕಥೆ ಬದಲಾಗುವುದಿಲ್ಲ.

ದೆವ್ವ ಉಂಟೋ ಇಲ್ಲವೋ ಎಂಬ ಜಗಳಕ್ಕೆ ನಾನು ಬರುತ್ತಿಲ್ಲ. ನನ್ನ ಸಂಕಟ ಬೇರೆ. ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಕೆರೆಗೊಂದು, ಮರಕ್ಕೊಂದು, ಕಲ್ಲಿಗೊಂದು ಕಥೆ ಇತ್ತು. ಒಂದರ ಹಾಗೆ ಇನ್ನೊಂದು ಇರಲಿಲ್ಲ. ಆ ಕಥೆಗಳಿಗೆ ವಿಳಾಸ ಇರುತ್ತಿತ್ತು: ಯಾವ ಜಾಗ, ಯಾವ ತಿಂಗಳು, ಯಾವ ಹೊತ್ತು, ಯಾರು ಅಲ್ಲಿಗೆ ಹೋಗಬಾರದು. ‘ಆಷಾಢದಲ್ಲಿ ದೀಪ ಹಚ್ಚೋ ಹೊತ್ತಿಗೆ ತೂಬಿನ ಹತ್ರ ಹೋಗಬೇಡ’ ಎಂಬುದು ನಮ್ಮ ಕಡೆಯ ಮಾತಿನ ರೀತಿ (ತೂಬು ಎಂದರೆ ಕೆರೆಯ ನೀರು ಹೊರಬಿಡುವ ಬಾಯಿ). ‘ರಾತ್ರಿ ಅಲ್ಲಿಗೆ ಹೋದವರು ವಾಪಸ್ ಬರಲ್ಲ’ ಎಂಬುದು ಎಲ್ಲಿಗೂ ಸೇರದ ಮಾತು. ಆ ವ್ಯತ್ಯಾಸ ಮರೆತುಹೋಗುತ್ತಿದೆ.

ಸಖರಾಯಪಟ್ಟಣದ ಅಯ್ಯನಕೆರೆಯನ್ನೇ ತೆಗೆದುಕೊಳ್ಳಿ. ಬಾಬಾಬುಡನ್ ಬೆಟ್ಟಸಾಲಿನ ಪೂರ್ವಕ್ಕೆ, ಶಕುನಗಿರಿಯ ಬುಡದಲ್ಲಿ ಈ ದೊಡ್ಡ ಕೆರೆ ಇದೆ. ಅಲ್ಲಿನ ಕಥೆಯ ನಾಯಕ ಹೊನ್ನಬಿಲ್ಲ ಎಂಬ ನೀರುಗಂಟಿ, ಅಂದರೆ ಕೆರೆ ನೀರು ನೋಡಿಕೊಳ್ಳುವವನು. ಒಂದು ರಾತ್ರಿ ಕೆರೆಯ ದೇವಿ ಅವನಿಗೆ ಕಾಣಿಸಿ, ಈಗ ಏರಿ ಒಡೆದು ಹೊರಡುತ್ತೇನೆ ಎನ್ನುತ್ತಾಳೆ. ‘ದೊರೆಗೆ ತಿಳಿಸಿ ಬರುತ್ತೇನೆ, ನಾನು ಬರುವ ತನಕ ಹೋಗಬೇಡ ತಾಯಿ’ ಎಂದು ಅವನು ಮಾತು ತೆಗೆದುಕೊಳ್ಳುತ್ತಾನೆ. ದೊರೆ ಸುದ್ದಿ ಕೇಳಿ ಅವನನ್ನೇ ಕೊಲ್ಲಿಸುತ್ತಾನೆ. ನೀರುಗಂಟಿ ವಾಪಸ್ ಬರುವ ಹಾಗಿಲ್ಲ, ದೇವಿ ಮಾತು ಮುರಿಯುವ ಹಾಗಿಲ್ಲ. ಕೆರೆ ನಿಂತಿದೆ. ಇಡೀ ಸೀಮೆಯಲ್ಲಿ ಇದಕ್ಕಿಂತ ಘೋರವಾದ ಕಥೆ ನನಗೆ ಗೊತ್ತಿಲ್ಲ. ಇದರಲ್ಲಿ ಒಂದೇ ಒಂದು ದೆವ್ವವೂ ಇಲ್ಲ.

ಇದನ್ನು ಕೆರೆಯ ಕೆಲಸ ಬಲ್ಲವರ ಕಣ್ಣಲ್ಲಿ ನೋಡಬೇಕು. ಮಣ್ಣಿನ ಏರಿ ಒಡೆಯುವ ಮುಂಚೆ ಸೂಚನೆ ಕೊಡುತ್ತದೆ. ಏರಿಯ ಹಿಂಬದಿ ಬುಡದಲ್ಲಿ ತಿಳಿನೀರು ಜಿನುಗಿದರೆ ಕಣ್ಣಿಟ್ಟಿರಬೇಕು. ಅದೇ ನೀರು ಕೆಂಪಗೆ, ಕದಡಿಕೊಂಡು ಬರತೊಡಗಿದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ, ಆಮೇಲೆ ಗಂಟೆಗಳ ಲೆಕ್ಕ. ಏಡಿ ಬಿಲ, ಹೆಗ್ಗಣದ ಬಿಲ, ಏರಿ ಮೇಲೆ ಬೆಳೆದ ಮರದ ಕೊಳೆತ ಬೇರು, ಇವೆಲ್ಲ ನೀರಿಗೆ ದಾರಿ ಮಾಡಿಕೊಡುತ್ತವೆ. ಇದು ರಾತ್ರಿ ಮಳೆಯಲ್ಲಿ ಕಾಣುವುದು ಏರಿ ಮೇಲೆ ನಡೆದಾಡುವ ಒಬ್ಬನಿಗೆ ಮಾತ್ರ. ‘ದೇವಿ ಮಾತಾಡಿದಳು’ ಎಂದರೆ ಇದೇ ಎಂದು ನಾನು ಓದುತ್ತೇನೆ. ತೂಬಿನ ಹತ್ತಿರ ಮಕ್ಕಳು ಹೋಗಬಾರದು ಎಂಬ ಹೆದರಿಕೆಗೂ ಕಾರಣ ಇದೆ. ತೂಬು ತೆರೆದಾಗ ಮೇಲ್ಗಡೆ ನೀರು ಶಾಂತವಾಗಿರುತ್ತದೆ, ಕೆಳಗೆ ಎಳೆತ ಇರುತ್ತದೆ. ಒಳ್ಳೆ ಈಜುಗಾರನ ಕಾಲನ್ನೂ ಅದು ಹಿಡಿದೆಳೆಯುತ್ತದೆ. ಆ ಎಳೆತಕ್ಕೆ ಊರವರು ಒಂದು ಹೆಸರು ಇಟ್ಟರು.

ಹಳೇಬೀಡಿನ ಶಾಪದ ಕಥೆಯೂ ಹೀಗೇ ನಿಖರ. ಹೊಯ್ಸಳರ ಬಲ್ಲಾಳ ದೊರೆಯ ಒಡಹುಟ್ಟಿದವಳು ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ತವರಿಗೆ ಬರುತ್ತಾಳೆ. ಅರಮನೆಯ ರಾಣಿ ಆ ಹುಡುಗರ ಮೇಲೆ ಸುಳ್ಳು ಅಪವಾದ ಹೊರಿಸುತ್ತಾಳೆ, ಇಬ್ಬರಿಗೂ ಮರಣದಂಡನೆಯಾಗುತ್ತದೆ. ತಾಯಿ ಬೀದಿಬೀದಿ ಅಲೆದು ನೀರು ಕೇಳಿದರೂ ದೊರೆಯ ಹೆದರಿಕೆಗೆ ಯಾರೂ ಕೊಡುವುದಿಲ್ಲ. ಕುಂಬಾರ ಬೀದಿಯಲ್ಲಿ ಮಾತ್ರ ಸಿಗುತ್ತದೆ. ‘ಊರು ಹಾಳಾಗಲಿ, ಕುಂಬಾರರ ಬೀದಿ ಉಳಿಯಲಿ’ ಎಂದು ಅವಳ ಶಾಪ. ದೋರಸಮುದ್ರದ (ಇಂದಿನ ಹಳೇಬೀಡು) ಮೇಲೆ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರ್ ದಾಳಿ ಮಾಡಿದ್ದು 1311ರಲ್ಲಿ, ಮುಂದೆ ತುಘಲಕರ ಸೈನ್ಯವೂ ಬಂತು. ಚರಿತ್ರೆ ಸೈನ್ಯದ ಲೆಕ್ಕ ಇಟ್ಟಿತು. ಊರಿನ ಬಾಯಿ ಮಾತ್ರ, ನೀರು ಕೊಟ್ಟವರು ಯಾರು, ಕೊಡದವರು ಯಾರು ಎಂಬುದನ್ನು ಇಟ್ಟುಕೊಂಡಿತು. ಹಳೇಬೀಡಿಗೆ ಹೋಗಿ ‘ಇಲ್ಲಿ ದೆವ್ವ ಇದೆಯಾ’ ಎಂದು ಕೇಳುವ ಹುಡುಗರು ಕುಂಬಾರ ಬೀದಿಯ ಕಥೆ ಕೇಳಲಿ.

ಈಗ ಆ ಬಿಳಿ ಸೀರೆಯ ಹೆಂಗಸಿಗೆ ಬರೋಣ. ನಮ್ಮ ಕಡೆ ಹೆಣ್ಣಿನ ಆತ್ಮದ ಕಥೆ ಹುಟ್ಟುವ ಜಾಗಗಳಲ್ಲಿ ಒಂದು ಮಾಸ್ತಿಕಲ್ಲು. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಬಯಲುಸೀಮೆಯ ಊರಾಚೆ ಇವು ಸಿಗುತ್ತವೆ. ಗುರುತು ಹಿಡಿಯುವುದು ಸುಲಭ: ಕಂಬದ ಹಾಗೆ ಚಾಚಿದ, ಮೊಣಕೈಯಲ್ಲಿ ಬಾಗಿ ಮೇಲೆತ್ತಿದ ಹೆಣ್ಣಿನ ತೋಳು, ಕೈತುಂಬ ಬಳೆ, ಎಷ್ಟೋ ಕಡೆ ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಗಂಡನ ಚಿತೆ ಏರಿದವಳ ಕಲ್ಲು ಅದು. ಬಳೆ ಒಡೆಯದೆ ಹೋದವಳು ಎಂಬುದೇ ಆ ಬಳೆಗಳ ಅರ್ಥ. ‘ಅಲ್ಲಿ ರಾತ್ರಿ ಬಳೆ ಸದ್ದು ಕೇಳುತ್ತೆ’ ಎಂದು ಯಾರಾದರೂ ಹೇಳಿದರೆ, ಮೊದಲು ಆ ಸುತ್ತಿನ ಬೇಲಿ ಬುಡದಲ್ಲಿ ಅಂಥ ಕಲ್ಲು ಬಿದ್ದಿದೆಯೇ ನೋಡಿ. ಪಕ್ಕದಲ್ಲೇ ಕಾಳಗದಲ್ಲಿ ಮಡಿದವನ ವೀರಗಲ್ಲೂ ಇರಬಹುದು: ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವುದು, ಮೇಲೆ ಲಿಂಗಪೂಜೆ. ಓದುವುದು ಕೆಳಗಿನಿಂದ ಮೇಲಕ್ಕೆ. ಇಂಥ ಹೆಣ್ಣನ್ನು ಮರೆತು, ಸಿನಿಮಾದಿಂದ ತಂದ ಒಬ್ಬಳನ್ನು ಅದೇ ಜಾಗದಲ್ಲಿ ನಿಲ್ಲಿಸುವುದು ಅನ್ಯಾಯ.

ಭಯಂಕರ ರೂಪವೇ ಬೇಕೆನ್ನುವವರು ಹಾಸನ–ಬೇಲೂರು ದಾರಿಯ ಒಳಭಾಗದ ದೊಡ್ಡಗದ್ದವಳ್ಳಿಗೆ ಹೋಗಬಹುದು. 12ನೇ ಶತಮಾನದ ಲಕ್ಷ್ಮೀದೇವಿ ಗುಡಿಯೊಳಗೆ ಕಾಳಿಯ ಗರ್ಭಗುಡಿಯ ಬಾಗಿಲಲ್ಲಿ ಎರಡು ಬೇತಾಳಗಳು ನಿಂತಿವೆ. ಆಳೆತ್ತರ, ಎಲುಬು ಎಣಿಸಬಹುದಾದ ಎದೆಗೂಡು. ಹಗಲಲ್ಲೇ ನೋಡಿ, ಸಾಕು.

ಮಲೆನಾಡಿನ ಕಡೆ ತಿರುಗಿದರೆ ಲೆಕ್ಕವೇ ಬೇರೆ. ಚೌಡಿ, ಪಂಜುರ್ಲಿ, ಗುಳಿಗ ಎಂಬ ದೈವಗಳನ್ನು ‘ದೆವ್ವ’ ಎಂದು ಬರೆಯುವುದು ದೊಡ್ಡ ತಪ್ಪು. ಚೌಡಿ ಗಡಿ ಕಾಯುವವಳು, ಅವಳ ಬನಕ್ಕೆ ಮೇರೆ ಇದೆ, ವರ್ಷಕ್ಕೊಮ್ಮೆ ಎಡೆ ಇದೆ. ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆ ಘಟ್ಟದ ಕೆಳಗಿನಿಂದ ಹತ್ತಿಬಂದ ಭೂತಗಳಿಗೂ ಮನೆತನ, ಕಟ್ಟಳೆ ಇವೆ. ಪ್ರಾಣ ಹೋದವರ ಆತ್ಮ, ಗಾಳಿ, ಸೋಕು ಎನ್ನುವುದು ಬೇರೆ ಸಾಲು. ಮರದ ಬ್ರಹ್ಮರಾಕ್ಷಸ ಮತ್ತೂ ಬೇರೆ. ಬನದಲ್ಲಿ ಚಪ್ಪಲಿ ಹಾಕಿ ವಿಡಿಯೊ ಮಾಡಿ ‘ಹಾಂಟೆಡ್’ ಎಂದು ಹಾಕಿದರೆ, ಆ ಊರಿನವರಿಗೆ ಅದು ಗುಡಿಯನ್ನು ದೆವ್ವದ ಮನೆ ಎಂದ ಹಾಗೆ.

ಚಾರ್ಮಾಡಿಯಲ್ಲಿ ‘ಕಂಡದ್ದು’ ಏನು ಎಂಬುದಕ್ಕೆ ಮಂಜು ಅರ್ಧ ಉತ್ತರ ಕೊಡುತ್ತದೆ. ಕೊಟ್ಟಿಗೆಹಾರ ದಾಟಿ ಇಳಿಯುವಾಗ ಹೈಬೀಮ್ ಹಾಕಿದರೆ ಮಂಜಿನ ಹನಿಗಳು ಬೆಳಕನ್ನು ನಿಮ್ಮ ಕಣ್ಣಿಗೇ ತಿರುಗಿಸುತ್ತವೆ. ಎದುರಿಗೆ ಬಿಳಿ ಗೋಡೆ ಏಳುತ್ತದೆ, ಗಾಳಿಗೆ ಅದು ಆಕಾರ ಬದಲಿಸುತ್ತದೆ. ಹಿಂದಿನಿಂದ ಲಾರಿ ಬಂದರೆ ನಿಮ್ಮದೇ ಗಾಡಿಯ ನೆರಳು ಮುಂದಿನ ಮಂಜಿನ ಮೇಲೆ ಬೃಹತ್ತಾಗಿ ಬೀಳುತ್ತದೆ. ಮಳೆಗಾಲದಲ್ಲಿ ರಸ್ತೆ ಅಂಚಿನ ಬಂಡೆಯಿಂದ ಸಣ್ಣ ಸಣ್ಣ ಜಲಪಾತಗಳು ಇಳಿಯುತ್ತವೆ. ತಿರುವಿನಲ್ಲಿ ಹೆಡ್‌ಲೈಟ್ ಅರೆಕ್ಷಣ ತಾಗಿದಾಗ ಆರಡಿ ಎತ್ತರದ ಬಿಳಿ ನೀರು ಸೀರೆಯೇ ಆಗುತ್ತದೆ. ಡಿಮ್ ಹಾಕಿ, ಕಿಟಕಿ ಸ್ವಲ್ಪ ಇಳಿಸಿ, ಕಿವಿ ತೆರೆದಿಟ್ಟು, ಬಿಳಿ ಗೆರೆ ಹಿಡಿದು ನಿಧಾನ ಇಳಿಯಿರಿ. ಹೆದರಿಕೆಯಾದರೆ ತಿರುವಿನಲ್ಲಿ ಬ್ರೇಕ್ ಹಾಕಿ ನಿಲ್ಲಬೇಡಿ, ಹಿಂದಿನವನಿಗೆ ನೀವು ಕಾಣುವುದಿಲ್ಲ. ಡ್ರೈವರುಗಳು ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ನಿಧಾನಿಸಿ ಕೈಮುಗಿದು ಹೋಗುವ ಪದ್ಧತಿ ಇದೆಯಲ್ಲ, ಘಾಟಿಯಲ್ಲಿ ಅದು ಒಳ್ಳೆಯ ಪದ್ಧತಿ. ವೇಗವೂ ಇಳಿಯುತ್ತದೆ, ನಿದ್ದೆಯೂ ಹರಿಯುತ್ತದೆ.

1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಇನ್ನೊಂದು ಸೋಜಿಗ. ಬೆಳಿಗ್ಗೆ ಸೂರ್ಯ ಬೆನ್ನ ಹಿಂದೆ ತಗ್ಗಿನಲ್ಲಿದ್ದು, ಎದುರು ಕಣಿವೆಯಲ್ಲಿ ಮಂಜು ತುಂಬಿದ್ದರೆ, ನಿಮ್ಮ ನೆರಳು ದೈತ್ಯನಂತೆ ಆ ಮಂಜಿನ ಮೇಲೆ ನಿಲ್ಲುತ್ತದೆ. ತಲೆಯ ಸುತ್ತ ಬಣ್ಣದ ಬಳೆ. ಪಕ್ಕದಲ್ಲಿ ನಿಂತವನಿಗೆ ಅವನ ತಲೆಯ ಸುತ್ತ ಮಾತ್ರ ಬಳೆ ಕಾಣುತ್ತದೆ, ನಿಮ್ಮದು ಕಾಣುವುದಿಲ್ಲ.

ಸದ್ದುಗಳಿಗೂ ಕಾಲ ಇದೆ. ಚಳಿಗಾಲದ ರಾತ್ರಿ ದಟ್ಟ ಕಾಡಿನಿಂದ ಹೆಂಗಸು ಚೀರಿದ ಹಾಗೆ ಕೇಳಿದರೆ ಅದು ಕಾಡಿನ ದೊಡ್ಡ ಗೂಬೆ ಇರಬಹುದು. ನಾಯಿ ಇಲ್ಲದ ಕಡೆ ನಾಯಿ ಬೊಗಳಿದರೆ ಕಾಡುಕುರಿ. ಅದು ನಿಲ್ಲಿಸದೆ ಕೂಗುತ್ತಿದ್ದರೆ ಹತ್ತಿರದಲ್ಲಿ ಚಿರತೆಯೋ ಹುಲಿಯೋ ಇರುವ ಸಾಧ್ಯತೆ ಇದೆ, ಟಾರ್ಚ್ ಹಿಡಿದು ಹುಡುಕಿಕೊಂಡು ಹೋಗಬೇಡಿ. ಮಳೆಗಾಲದ ನಸುಕಿನಲ್ಲಿ ಹಳ್ಳದ ಪಕ್ಕ ಹುಡುಗನೊಬ್ಬ ರಾಗ ತಪ್ಪಿಸಿ ಶಿಳ್ಳೆ ಹಾಕುತ್ತಿದ್ದರೆ, ಅದು ಕಡುನೀಲಿ ಬಣ್ಣದ ಒಂದು ಹಕ್ಕಿ. ಹೆಂಚಿನ ಮನೆಯ ಅಟ್ಟದಲ್ಲಿ ಯಾರೋ ನಡೆದಾಡಿದರೆ ಬೆಳಿಗ್ಗೆ ಹಿಕ್ಕೆ ಹುಡುಕಿ. ಕಾಫಿ ಬೀಜ ಇದ್ದರೆ ಕಬ್ಬೆಕ್ಕು.

ಕೊಳ್ಳಿದೆವ್ವದ ಬಗ್ಗೆ ಒಂದೇ ಕಾರಣ ಹೇಳುವವರನ್ನು ನಾನು ನಂಬುವುದಿಲ್ಲ. ಗದ್ದೆ ಬಯಲಿನ ಜೌಗಿನ ಅನಿಲ ಎಂಬುದು ಹಳೆಯ ವಿವರಣೆ. ದೂರದ ದಿಣ್ಣೆಯಲ್ಲಿ ಸೂಡಿ (ಒಣಗರಿಯ ಪಂಜು) ಬೀಸಿಕೊಂಡು ಮನೆಗೆ ಹೋಗುವವನ ಬೆಂಕಿಯೂ ಮಂಜಿನಲ್ಲಿ ಹೊತ್ತಿ ಆರಿದ ಹಾಗೆ ಕಾಣುತ್ತಿತ್ತು. ಮಳೆ ಹಿಡಿದ ಮೇಲೆ ಕೊಳೆತ ಮರದ ಮೇಲಿನ ಕೆಲವು ಶಿಲೀಂಧ್ರಗಳು ತಣ್ಣಗೆ ಹಸಿರಾಗಿ ಹೊಳೆಯುತ್ತವೆ. ಪರೀಕ್ಷೆ ಸರಳ: ಟಾರ್ಚ್ ಆರಿಸಿ ಹತ್ತು ಹದಿನೈದು ನಿಮಿಷ ಕತ್ತಲಿಗೆ ಕಣ್ಣು ಒಗ್ಗಿಸಿ. ಬೆಳಕು ಒಂದೇ ಕಡೆ ಅಲುಗದೆ ಇದ್ದರೆ ಮರ, ಮಿಣಮಿಣ ಎಂದರೆ ಮಿಂಚುಹುಳು, ಹೆಜ್ಜೆಯ ಲಯದಲ್ಲಿ ತೂಗಿದರೆ ಮನುಷ್ಯ.

ಹಳೇ ಬಂಗಲೆ, ಹೋಮ್‌ಸ್ಟೇಗಳ ವಿಷಯದಲ್ಲಿ ಮಾತ್ರ ನಾನು ಕಟುವಾಗಿ ಹೇಳುತ್ತೇನೆ. ಚಳಿಗೆ ಬಾಗಿಲು ಕಿಟಕಿ ಮುಚ್ಚಿ, ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟುಕೊಂಡು ಮಲಗಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ. ತಲೆನೋವು, ವಾಕರಿಕೆ, ಎದೆ ಮೇಲೆ ಭಾರ, ಯಾರೋ ಇದ್ದಾರೆಂಬ ಭಾವ, ಇಲ್ಲದ ಸದ್ದು. 1921ರಲ್ಲಿ ಅಮೆರಿಕದ ಒಂದು ಕಣ್ಣಿನ ವೈದ್ಯಕೀಯ ಪತ್ರಿಕೆ ‘ದೆವ್ವದ ಮನೆ’ಯೊಂದರ ವರದಿ ಪ್ರಕಟಿಸಿತು. ಇಡೀ ಕುಟುಂಬಕ್ಕೆ ಹೆಜ್ಜೆ ಸದ್ದು ಕೇಳುತ್ತಿತ್ತು, ಆಕೃತಿಗಳು ಕಾಣುತ್ತಿದ್ದವು. ಕೆಟ್ಟಿದ್ದದ್ದು ಮನೆ ಬೆಚ್ಚಗಿಡುವ ಕುಲುಮೆ, ಅದರ ವಿಷಾನಿಲ ಮನೆಯೊಳಗೆ ತುಂಬುತ್ತಿತ್ತು. ಒಂದೇ ಕೋಣೆಯಲ್ಲಿ ಮಲಗಿದ ಎಲ್ಲರಿಗೂ ಒಟ್ಟಿಗೆ ಹೀಗಾಗಿ, ಹೊರಗೆ ಬಂದರೆ ಹಗುರವಾದರೆ, ತಾಯತ ಹುಡುಕಬೇಡಿ. ಎಲ್ಲರನ್ನೂ ಹೊರಗೆಳೆದು ಆಸ್ಪತ್ರೆಗೆ ನಡೆಯಿರಿ. ಮಲಗುವ ಮುಂಚೆ ಕೆಂಡ ಹೊರಗಿಡಿ. ಕಿಟಕಿ ಸಂದಿ ಬಿಟ್ಟರೆ ಸಾಕು ಎಂಬುದು ಸುಳ್ಳು ಧೈರ್ಯ.

ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ರೈಲು ಮಾರ್ಗದಲ್ಲಿ 57 ಸುರಂಗಗಳಿವೆ. ‘ಒಳಗೆ ಯಾರೋ ಉಸಿರಾಡಿದ ಹಾಗಾಗುತ್ತದೆ’ ಎನ್ನುತ್ತಾರೆ. ರೈಲು ಸುರಂಗ ಹೊಕ್ಕಾಗ ಮುಂದಿನ ಗಾಳಿಯನ್ನು ತಳ್ಳಿಕೊಂಡು ಬರುತ್ತದೆ. ಒಳಗಿದ್ದವನಿಗೆ ಸದ್ದು ಯಾವ ದಿಕ್ಕಿನದು ಎಂದು ಗೊತ್ತಾಗುವ ಮೊದಲು ಆ ಗಾಳಿ ಮೈಗೆ ತಾಗುತ್ತದೆ. ಆ ಉಸಿರು ದೆವ್ವದ್ದಲ್ಲ, ಗೂಡ್ಸ್ ರೈಲಿನದು. ಹಳಿ ಮೇಲೆ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಅಪರಾಧ, ಆರು ತಿಂಗಳವರೆಗೆ ಜೈಲಾಗಬಹುದು.

ಶೆಟ್ಟಿಹಳ್ಳಿಗೆ ವಾಪಸ್ ಬರುತ್ತೇನೆ. ಆ ಚರ್ಚು 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದು ಹಿನ್ನೀರು ಏರಿದಾಗ ಊರು ಎದ್ದುಹೋಯಿತು, ಕಟ್ಟಡ ಉಳಿಯಿತು. ಮಳೆಗಾಲದಲ್ಲಿ ಅರೆಬರೆ ಮುಳುಗುತ್ತದೆ, ಬೇಸಿಗೆಯಲ್ಲಿ ಪೂರ್ತಿ ಏಳುತ್ತದೆ. ಮುಳುಗಿದ ಊರಿನ ಗಂಟೆ ರಾತ್ರಿ ಕೇಳುತ್ತದೆ ಎನ್ನುವ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಇರುಳಲ್ಲಿ ನೀರಿನ ಮೇಲಿನ ತಣ್ಣನೆ ಗಾಳಿ ಸದ್ದನ್ನು ಕೆಳಕ್ಕೆ ಬಾಗಿಸುತ್ತದೆ, ಆಚೆ ದಡದ ಗಂಟೆ ಕಾಲ ಬುಡದಲ್ಲೇ ಹೊಡೆದ ಹಾಗೆ ಕೇಳುತ್ತದೆ. ಅದನ್ನು ಮೊದಲು ಯಾರು ಹಾಗೆ ಕೇಳಿಸಿಕೊಂಡಿರಬಹುದು ಎಂದು ಯೋಚಿಸಿ. ಅದೇ ಅಂಗಳದಲ್ಲಿ ಮದುವೆಯಾದವರು, ಹಿರಿಯರನ್ನು ಮಣ್ಣು ಮಾಡಿದವರು.

ಅಲ್ಲಿ ನಿಜವಾದ ಅಪಾಯ ಎರಡು. ನೀರು ಇಳಿದ ಅಂಚಿನ ಕೆಸರು ಮೇಲೆ ಒಣಗಿ ಬಿರಿದಿರುತ್ತದೆ, ಒಳಗೆ ಹಸಿ. ಕಾಲು ಮೊಣಕಾಲ ತನಕ ಹೂತರೆ ಜಗ್ಗಾಡಬೇಡಿ, ಹಿಂದಕ್ಕೆ ಒರಗಿ ನಿಧಾನ ಬಿಡಿಸಿಕೊಳ್ಳಿ. ಎರಡನೆಯದು ಗೋಡೆ. ವರ್ಷ ವರ್ಷ ನೆಂದು ಒಣಗಿದ ಗಾರೆ ಕಚ್ಚುವ ಶಕ್ತಿ ಕಳೆದುಕೊಂಡಿದೆ, ಭಾಗಗಳು ಬಿದ್ದಿವೆ. ಗೋಡೆ ಎಷ್ಟು ಎತ್ತರವೋ ಅದಕ್ಕಿಂತ ಹೆಚ್ಚು ದೂರ ನಿಲ್ಲಿ.

ಕಥೆ ಬರೆದಿಡುವವರಿಗೆ ಇಷ್ಟು ಕೇಳಿಕೊಳ್ಳುತ್ತೇನೆ. ಮೊದಲು ಹೇಳುವವರ ಮಾತಲ್ಲೇ ರೆಕಾರ್ಡ್ ಮಾಡಿ, ನಡುವೆ ‘ಹೆಂಗಸಾ? ಬಿಳಿ ಸೀರೆನಾ?’ ಎಂದು ಬಾಯಿಗೆ ಹಾಕಬೇಡಿ. ಅವರೇ ಕಂಡದ್ದೋ, ಕೇಳಿದ್ದೋ, ಕೇಳಿದ್ದಾದರೆ ಯಾವ ಸಂಬಂಧದವರಿಂದ ಎಂದು ಬರೆಯಿರಿ. ತಿಂಗಳು, ಹೊತ್ತು, ಅಮಾವಾಸ್ಯೆಗೆ ಎಷ್ಟು ದಿನ ಎಂಬುದು ಬೇಕು. ಅದೇ ಕಥೆಯನ್ನು ಇನ್ನೊಂದು ಕೇರಿಯಲ್ಲೂ, ಎಸ್ಟೇಟ್ ಇದ್ದರೆ ಕೂಲಿಯವರ ಲೈನ್ ಮನೆಯಲ್ಲೂ ಕೇಳಿ. ಬಂಗಲೆಯವರು ಹೇಳುವ ದೊರೆಯ (ಹಳೇ ತೋಟದ ಸಾಹೇಬನ) ಕಥೆಯಲ್ಲಿ ದೊರೆಯೇ ನಾಯಕ, ಲೈನಿನ ಕಥೆಯಲ್ಲಿ ಅವನು ಹಾಗಿರಬೇಕೆಂದಿಲ್ಲ. ಇತ್ತೀಚೆಗೆ ಸತ್ತವರ ಹೆಸರು, ಮನೆ ಗುರುತು ಹಾಕಬೇಡಿ, ಅವರ ಮಕ್ಕಳು ಅದೇ ಊರಲ್ಲಿ ಬದುಕಬೇಕು.

ಮತ್ತೆ ಒಂದು. ‘ಏಳು ಕೊಪ್ಪರಿಗೆ ಹೊನ್ನು, ಕಾಯೋದಕ್ಕೆ ಒಂದು ಆತ್ಮ’ ಎಂಬ ಕಥೆ ಸಿಕ್ಕರೆ ಕಥೆ ಹಾಕಿ, ಜಾಗದ ಲೊಕೇಶನ್ ಹಾಕಬೇಡಿ. ನಿಧಿ ಆಸೆಗೆ ವೀರಗಲ್ಲು, ಮಾಸ್ತಿಕಲ್ಲುಗಳ ಬುಡ ಅಗೆಯುವವರು ಇದನ್ನೇ ಕಾಯುತ್ತಿರುತ್ತಾರೆ. 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅಗೆದು ಉರುಳಿಸಿದ ಕಲ್ಲು ಎಲ್ಲಾದರೂ ಕಂಡರೆ, ಇದ್ದ ಹಾಗೇ ಫೋಟೊ ತೆಗೆದು, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲ್ ಇಟ್ಟು, ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ಬರವಣಿಗೆಯಲ್ಲಿ ಕೊಡಿ. ನೀವಾಗಿ ಎತ್ತಿ ನಿಲ್ಲಿಸಬೇಡಿ, ಅಡಿಯಲ್ಲಿ ಅಕ್ಷರ ಇದ್ದರೆ ಉಜ್ಜಿಹೋಗುತ್ತದೆ.