ಮಗು ಸಾಕು ಅಂದ್ರೆ ಸಾಕು ಅಂತಾನೇ ಅರ್ಥ

ಹೋದ ವರ್ಷ ಮಗನ ಬಗ್ಗೆ ಮನೆಗೊಂದು ಲೆಟರ್ ಬಂತು. ಇಲ್ಲಿ ಇಂಗ್ಲೆಂಡಲ್ಲಿ ಮಕ್ಕಳು ರಿಸೆಪ್ಷನ್ ಅನ್ನೋ ಮೊದಲ ಕ್ಲಾಸಿಗೆ ಸೇರಿದ ವರ್ಷ, ಅಂದ್ರೆ 4-5 ವಯಸ್ಸಲ್ಲಿ ಒಂದ್ಸಲ, 10-11ಕ್ಕೆ ಇನ್ನೊಂದ್ಸಲ ಸ್ಕೂಲಲ್ಲೇ ಎತ್ತರ ತೂಕ ನೋಡ್ತಾರೆ. ನಿಮ್ಮ ಮಗು ಓವರ್‌ವೇಟ್ ಅಂತ ಇತ್ತು. ಓದಿ ಮೈಯೆಲ್ಲಾ ಉರಿದುಹೋಯ್ತು, ಐದು ವರ್ಷದ ಕೂಸಿಗೆ ಇದೆಲ್ಲ ಬೇಕಾ ಅಂತ. ಮೈಸೂರಿಗೆ ಫೋನ್ ಮಾಡಿದ್ರೆ ಅಮ್ಮ ಮೊದಲು ಕೇಳಿದ್ದು ಎಲ್ಲರ ಮುಂದೆ ತೂಗಿದ್ರಾ ಅಂತ, ಆಮೇಲೆ ಸಂಜೆ ಮರೀದೆ ದೃಷ್ಟಿ ತೆಗಿ ಅಂದ್ಲು.

ಆ ಸಿಟ್ಟು ಇಳಿದಿದ್ದು ರಜಕ್ಕೆ ಊರಿಗೆ ಹೋದಾಗ. ರಾತ್ರಿ ಅಮ್ಮ ಅವನ ಕೈಗೆ ಮೊಬೈಲ್ ಕೊಟ್ಟು ತುಪ್ಪ ಹಾಕಿ ಕಲಸಿದ ಅನ್ನ ತಿನ್ನಿಸ್ತಿದ್ಲು, ನಾನು ಸುಮ್ನೆ ಎದುರಿಗೆ ಕೂತು ನೋಡ್ತಿದ್ದೆ. ಸಾಕು ಅಂದ. ಅಜ್ಜಿಗೊಂದು, ತಾತಂಗೊಂದು, ಅತ್ತೆಗೊಂದು ಅಂತ ಮೂರು ತುತ್ತು ಹೋಯ್ತು. ಮತ್ತೆ ಸಾಕು ಅಂದ. ಕೊನೇ ತುತ್ತಲ್ಲೇ ಶಕ್ತಿ ಇರೋದು ಕಂದಾ ಅಂತ ಇನ್ನೆರಡು. ಮೂರನೇ ಸಲ ಅವನು ಸಾಕು ಅನ್ನಲೇ ಇಲ್ಲ, ಸ್ಕ್ರೀನ್ ನೋಡ್ತಾ ಬಾಯಿ ತೆಗೀತಾ ಹೋದ. ನಂಗೆ ಹೊಟ್ಟೆ ಕಿವುಚಿದಂಗಾಯ್ತು, ಯಾಕಂದ್ರೆ ಅವನಿಗೆ ಹೊಟ್ಟೆ ತುಂಬಿದ್ದು ಗೊತ್ತಿತ್ತು, ಗೊತ್ತಿರೋದನ್ನ ನಾವು ಮರೆಸ್ತಿದ್ವಿ.

ಇಲ್ಲಿ ಸ್ಕೂಲಲ್ಲಿ ಮೊದಲ ಮೂರು ವರ್ಷ ಎಲ್ಲಾ ಮಕ್ಕಳಿಗೂ ಮಧ್ಯಾಹ್ನದ ಊಟ ಫ್ರೀ, 2014ರಿಂದ ಹೀಗೇ. ಶುರುವಲ್ಲಿ ಇವನು ಅರ್ಧ ತಿಂದು ಬಿಟ್ಟು ಬರ್ತಿದ್ದ. ಯಾರೂ ತಿನ್ನಿಸಲ್ವಾ ಅಂತ ನಾನು ಹೋಗಿ ಕೇಳಿದ್ದಕ್ಕೆ ಟೀಚರ್, ಹಸಿವಾದ್ರೆ ಸಂಜೆ ತಿಂತಾನೆ ಬಿಡಿ ಅಂದ್ರು. ಎಂಥಾ ಕಲ್ಲು ಮನಸ್ಸು ಅನಿಸಿತ್ತು. ಈಗ ಆ ಮಾತೇ ಸರಿ ಅನ್ಸುತ್ತೆ.

ಊರಲ್ಲಿ ಮಕ್ಕಳು ದಪ್ಪ ಆಗೋಕೆ ಬೇರೆ ಕಾರಣಗಳೂ ಬೇಕಾದಷ್ಟಿವೆ. ಪಿಟಿ ಪೀರಿಯಡ್ ಮ್ಯಾಥ್ಸ್ ಮೇಡಂ ಪಾಲು, ರಸ್ತೆ ಕೊನೆಯ ಬೇಕರಿಗೂ ಸ್ಕೂಟರ್, ಎರಡು ಹೊತ್ತೂ ಹಾಲಿಗೆ ಡಬ್ಬದ ಪುಡಿ. ಇಂಥ ಪುಡಿಗಳನ್ನ ಹೆಲ್ತ್ ಡ್ರಿಂಕ್ ಪಟ್ಟಿಯಿಂದ ತೆಗೀರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಕೇಂದ್ರ ಸರ್ಕಾರ 2024ರಲ್ಲೇ ಹೇಳ್ತು, ನಮ್ಮ ಅಡುಗೆಮನೆಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಆದ್ರೂ ನಂಗೆ ಎಲ್ಲದಕ್ಕಿಂತ ದೊಡ್ಡದು ಆ 'ಸಾಕು'ಗೆ ಬೆಲೆ ಇಲ್ದಿರೋದೇ.

ಇವನು ಹುಟ್ಟಿದಾಗ ಎರಡೂವರೆ ಕೆಜಿ ಅಷ್ಟೇ, ಮೈ ತುಂಬಿಸ್ಬೇಕು ಅನ್ನೋದು ಅಮ್ಮನ ವಾದ. ಆದ್ರೆ ನಾನು ಹುಟ್ಟಿದ ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಲೇ 1934ರಿಂದ ಬರೆದಿಟ್ಟ ಹೆರಿಗೆ ದಾಖಲೆ ಹಿಡಿದು ಸಂಶೋಧನೆ ಮಾಡಿದವರು ಕಂಡಿದ್ದು ಬೇರೆ: ಕಮ್ಮಿ ತೂಕದಲ್ಲಿ ಹುಟ್ಟಿದವರಲ್ಲಿ ದೊಡ್ಡವರಾದ್ಮೇಲೆ ಹೃದಯದ ಕಾಯಿಲೆ ಹೆಚ್ಚು. ಅಲ್ಲೇ ಹುಟ್ಟಿದ ಕೂಸುಗಳನ್ನ ಅಳೆದಾಗ ಮೈ ಸಣ್ಣ ಇದ್ರೂ ಚರ್ಮದ ಕೆಳಗಿನ ಕೊಬ್ಬು ಕಮ್ಮಿ ಇರ್ಲಿಲ್ಲ. ಅಂದ್ರೆ ತುರುಕಿ ತುಂಬಿಸೋದ್ರಲ್ಲಿ ನಮ್ಮ ಮಕ್ಕಳಿಗೇ ಅಪಾಯ ಜಾಸ್ತಿ, ಇದನ್ನ ಮನೇಲಿ ಯಾರಿಗೆ ಹೇಳಿದ್ರೂ ಮಗು ತಿನ್ನೋದಕ್ಕೆ ಲೆಕ್ಕ ಹಾಕ್ತೀಯಾ ಅಂತಾರೆ.

ಹಂಗಂತ ಇಲ್ಲಿಯವರು ಗೆದ್ದುಬಿಟ್ಟಿದಾರೆ ಅಂತಲೂ ಅಲ್ಲ. ರಿಸೆಪ್ಷನ್‌ನಲ್ಲಿ ಹತ್ತರಲ್ಲೊಂದು ಮಗುವಿಗೆ ಬೊಜ್ಜು ಇದ್ರೆ ಪ್ರೈಮರಿ ಮುಗಿಸೋ ಹೊತ್ತಿಗೆ ಐದರಲ್ಲೊಂದಕ್ಕೂ ಮೀರಿ ಆಗಿರುತ್ತೆ. 2018ರಲ್ಲಿ ಸಕ್ಕರೆ ಪಾನೀಯಕ್ಕೆ ತೆರಿಗೆ ಹಾಕಿದ್ಮೇಲೆ ಕಂಪನಿಗಳು ಸಕ್ಕರೆ ಇಳಿಸಿದ್ದು ನಿಜ, ಆದ್ರೆ ಸ್ಕೂಲ್ ಬಿಡೋ ಹೊತ್ತಿಗೆ ಕರಿದ ಚಿಕನ್ ಅಂಗಡಿ ಮುಂದೆ ಯೂನಿಫಾರ್ಮ್ ಹುಡುಗರ ಗುಂಪು ದಿನಾ ನೋಡ್ತೀನಿ.

ಅಮ್ಮನ ಮೇಲೆ ಎಷ್ಟು ರೇಗಿದ್ರೂ ಒಂದು ಒಪ್ಕೋಬೇಕು. ಅವಳ ತಮ್ಮ ಒಬ್ಬ ಎರಡು ವರ್ಷಕ್ಕೇ ಸೊರಗಿ ಸೊರಗಿ ಹೋದ. ಮಗು ತಟ್ಟೆ ದೂಡಿದ್ರೆ ಅವಳಿಗೆ ಕಾಣೋದು ಆ ಮುಖ. ಇನ್ನು ಆ ಮೊಬೈಲ್ ಅಭ್ಯಾಸ ಮಾಡ್ಸಿದ್ದೂ ಅವಳಲ್ಲ. ನಂಗೆ ಸಂಜೆ ಆಫೀಸ್ ಕಾಲ್ ಇರುತ್ತೆ ಅಂತ ಮೂರು ವರ್ಷದವನಿದ್ದಾಗಲೇ ತಟ್ಟೆ ಮುಂದೆ ಐಪ್ಯಾಡ್ ನಿಲ್ಸಿ ರೂಮಿನ ಬಾಗಿಲು ಹಾಕ್ಕೊಂಡವನು ನಾನು. ಅಮ್ಮ ಊಟ ಮುಗಿಯೋವರೆಗೂ ಅವನ ಪಕ್ಕ ಬಿಟ್ಟು ಏಳ್ತಿರ್ಲಿಲ್ಲ.